ಗಾಜಿನ ಮೇಲೆ ವಿಭೂತಿ

“ಕುಂಕುಮ ಅಲ್ಲ, ವಿಭೂತಿ,” ಎಂದುಬಿಟ್ಟ ವೀರಭದ್ರ.

ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಸುಮ್ಮನಿದ್ದಿದ್ದರೆ, ಲಿಂಗಾಯತರ ಮನೆಯಲ್ಲಿ ತೀರಿಹೋದವನ ಫೋಟೋಕ್ಕೆ ಕುಂಕುಮ ಇಟ್ಟ ಸಿನಿಮಾ ಎಂದು ಬೀದರ ಜಿಲ್ಲೆಯೆಲ್ಲ ಆಡಿಕೊಂಡು ನಗುತ್ತಿತ್ತು. ಆ ನಗು ಅವನಿಗೆ ಬೇಕಾಗಿತ್ತು.

“ನೋಡ್ರಿ, ಅದಕ್ಕ ನಿಮ್ಮಂಥವ್ರು ಬೇಕು,” ಎಂದ ಸಂಘರತ್ನ, ಗಾಜಿನ ಮೇಲಿನ ಬೊಟ್ಟನ್ನು ಅಂಗಿಯ ತುದಿಯಿಂದ ಒರೆಸುತ್ತ. “ನಮ್ಮ ಮನ್ಯಾಗ ಬುದ್ಧನ ಮುಂದ ಮೇಣಬತ್ತಿ ಹಚ್ಚೂದು ಅಷ್ಟ. ನನಗ ಇದೆಲ್ಲ ಹ್ಯಾಂಗ ತಿಳೀಬೇಕ್ರಿ ಸರ್? ನೀವೇ ಹಚ್ಚಿಬಿಡ್ರಿ.”

ವೀರಭದ್ರ ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿಂದ ಗಾಜಿನ ಮೇಲೆ ಎಳೆದ. ಗಾಜಿನ ಕೆಳಗಿದ್ದ ಹಣೆ ಅವನದೇ.

ಮೂರು ವಾರದ ಹಿಂದೆ ಸಂಘರತ್ನ ಹುಮನಾಬಾದಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ್ದ. ತಾನೇ ಸಿನಿಮಾ ಮಾಡುತ್ತಿದ್ದೇನೆ, ತಾನೇ ನಾಯಕ, ನಾಯಕನ ಅಣ್ಣನ ಪಾತ್ರ ನೀವೇ ಮಾಡಬೇಕು, ಮೊದಲು ಒಂದು ದೊಡ್ಡ ಫೋಟೋ ಕಳಿಸಿರಿ ಎಂದಿದ್ದ. ಪೋಸ್ಟರಿಗೆ ಇರಬೇಕೆಂದು ವೀರಭದ್ರ ಬಸವಕಲ್ಯಾಣದ ಸ್ಟುಡಿಯೋಕ್ಕೆ ಹೋಗಿ, ಮದುವೆಯ ಕೋಟು ತೊಟ್ಟು, ಎಡಗಡೆಯಿಂದ ತಾನು ಚೆಂದ ಕಾಣುತ್ತೇನೆಂದು ಎಡಗಡೆಯಿಂದಲೇ ತೆಗೆಸಿಕೊಂಡ. ಕಟ್ಟು ಹಾಕಿಸಿದ್ದೂ ಅವನೇ.

ಹೆಂಡತಿ ಪೂನಂ ಓಣಿಗೆಲ್ಲ ಹೇಳಿ ಬಂದಿದ್ದಳು. ಅವನು ತಾಸಿನ ಲೆಕ್ಕದಲ್ಲಿ ಪಾಠ ಮಾಡುವ ಖಾಸಗಿ ಕಾಲೇಜಿನಲ್ಲಿ ನಾಲ್ಕು ದಿನ ರಜೆ ಕೇಳಿದಾಗ ಪ್ರಿನ್ಸಿಪಾಲರು ಮೊದಲ ಸಲ ಕುರ್ಚಿ ತೋರಿಸಿ ಕೂಡಲು ಹೇಳಿದ್ದರು.

ಬೆಳಿಗ್ಗೆ ಹುಮನಾಬಾದಿನಲ್ಲಿ ಬಸ್ಸಿಳಿದು ಈ ಹಳೆಯ ಮನೆಗೆ ಬಂದಾಗ ಸಂಘರತ್ನ ಅವನನ್ನು ಪಡಸಾಲೆಯ ಮೂಲೆಗೆ ಕರೆದೊಯ್ದ.

“ರೀಲು ಸಾಲಂಗಿಲ್ರಿ ಸರ್. ಕ್ಯಾಮೆರಾ ನಾಳಿ ಹೈದರಾಬಾದಿಗಿ ವಾಪಸ್ ಹೋಗ್ತದ. ಅಣ್ಣ ಬದುಕಿರೋ ಸೀನ್ ಎಲ್ಲಾ ಕಥಿಯಿಂದ ತಗದುಹಾಕೀನಿ. ಸಿನಿಮಾ ಶುರು ಆಗೂದ್ರಾಗ ಅವ ಸತ್ತಿರ್ತಾನ.”

“ಹಂಗಾದ್ರ ನಾ?”

“ನೀವು ಇರ್ತೀರಿ ಸರ್. ಗ್ವಾಡಿ ಮ್ಯಾಲ.”

ಆಗಲೇ ಹಿಂದಿರುಗಬೇಕಿತ್ತು. ಹೋಗಲಿಲ್ಲ. ಸಂಘರತ್ನನ ಅಭಿನಯ ಕೆಟ್ಟದಾಗಿರುವುದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆ ಎಂದು ಕೂತ.

ಇದೇ ಸಂಘರತ್ನ ಕಾಲೇಜಿನ ನಾಟಕಗಳಲ್ಲಿ ಪರದೆ ಎಳೆಯುತ್ತಿದ್ದ. ಮಂಠಾಳದ ಕೂಲಿಯವನ ಮಗ. ಒಂದು ಪಾತ್ರ ಕೊಡಿ ಎಂದು ಕೇಳಿದಾಗ, ನಾಟಕ ಕಲಿಸುತ್ತಿದ್ದ ವೀರಭದ್ರ, “ನಿನ್ನ ಮಾರಿ ಸ್ಟೇಜಿಗೆ ಒಗ್ಗೂದಿಲ್ಲ,” ಎಂದಿದ್ದ. ಅದು ಮುಖದ ಮಾತಾಗಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ವೀರಭದ್ರ ಬೆಂಗಳೂರಿಗೆ ಹೋಗಿ ಏಳು ವರ್ಷ ಅಲೆದ. ಸಿನಿಮಾಗಳಲ್ಲಿ ಮೂರು ಸಲ ಹೆಸರಿಲ್ಲದ ಪೊಲೀಸನಾದ. ಎರಡು ಧಾರಾವಾಹಿಗಳಲ್ಲಿ ಡಾಕ್ಟರಾಗಿ ಬಾಗಿಲು ತೆರೆದು ಹೊರಬಂದು, “ನಮ್ಮ ಕೈಲಾದದ್ದೆಲ್ಲ ಮಾಡಿದೆವು,” ಎಂದ. ಅಷ್ಟೇ. ಹೊಟ್ಟೆ ತುಂಬಲಿಲ್ಲ, ಊರಿಗೆ ಬಂದ.

ಸಂಘರತ್ನ ಊರು ಬಿಡಲಿಲ್ಲ. ಅಪ್ಪ ಕೂಲಿ ಮಾಡಿ ಕೊಂಡಿದ್ದ ಎರಡು ಎಕರೆ ಮಾರಿ ಸಿನಿಮಾಕ್ಕೆ ಇಳಿದ. ಮೂರ್ಖ, ಬೀದಿಗೆ ಬೀಳುತ್ತಾನೆ ಎಂದು ವೀರಭದ್ರನಿಗೆ ಅನಿಸಿತು. ಆ ಮೂರ್ಖತನವೂ ತನಗೆ ಇರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

“ಒಂದೇ ಟೇಕ್, ಭಾಯ್. ರೀಲು ಇಲ್ಲ,” ಎಂದ ಕ್ಯಾಮೆರಾದ ಲಾಲ್ ಅಹ್ಮದ್.

ಫೋಟೋ ಗೋಡೆಗೇರಿತು. ಹಾರ ಬಿತ್ತು. ವೀರಭದ್ರ ಕ್ಯಾಮೆರಾದ ಹಿಂದೆ, ಜೋಳದ ಚೀಲವೊಂದರ ಮೇಲೆ ಕೂತ. ದೇವರೇ, ಇವನು ಬಾಯಿ ಬಡಿದುಕೊಂಡು ಅಳಲಿ, ಬಯಲಾಟದವನ ಹಾಗೆ ಕೂಗಲಿ ಎಂದು ಬೇಡಿಕೊಂಡ.

ಸಂಘರತ್ನ ಕೂಗಲಿಲ್ಲ. ಹೊಲದಿಂದ ಬಂದವನಂತೆ ಒಳಗೆ ಬಂದ, ತಂಬಿಗೆ ಎತ್ತಿ ನೀರು ಕುಡಿದ. ಕುಡಿಯುತ್ತಿರುವಾಗ ಕಣ್ಣು ಫೋಟೋದ ಮೇಲೆ ಹೋಯಿತು. ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಹಾರ ಒಂದು ಕಡೆ ಜಾರಿದ್ದನ್ನು ಸರಿ ಮಾಡಿದ. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮರೆತ. ನೀರು ಅವನ ಗದ್ದದಿಂದ ಇಳಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅದು ಬರೀ ನೀರಲ್ಲವೆಂದು ತಿಳಿಯಿತು.

ಲಾಲ್ ಅಹ್ಮದ್ ಕಟ್ ಎನ್ನಲು ತಡ ಮಾಡಿದ.

“ಗ್ಲಿಸರಿನ್ ಹಾಕ್ಕೊಂಡಿದ್ದಿ?” ಎಂದ ವೀರಭದ್ರ, ಉಳಿದ ಕೊನೆಯ ಆಸೆಯಿಂದ.

“ಇಲ್ರಿ.”

“ಮತ್ತ, ಯಾರನ್ನ ನೆನಸ್ದಿ? ಅಪ್ಪನ್ನ?”

“ನಿಮ್ಮನ್ನೇ ರೀ ಸರ್,” ಸಂಘರತ್ನ ಮುಖ ಒರೆಸಿಕೊಂಡ. “ನೀವು ಖರೇನೇ ಹೋದಂಗ ಅನಸ್ತು.”

ಹೊಟ್ಟೆಕಿಚ್ಚಿಗೂ ಒಂದು ಆಸರೆ ಬೇಕು. ಇವನು ಅದನ್ನೂ ಕಿತ್ತುಕೊಂಡ.

ಮಧ್ಯಾಹ್ನ ಮನೆಯ ಯಜಮಾನ ತಕರಾರು ತೆಗೆದ. ಬದುಕಿರುವವನಿಗೆ ಹಾರ ಹಾಕಿದ ಫೋಟೋ ತನ್ನ ಮನೆಯಲ್ಲಿ ಒಂದು ಗಳಿಗೆಯೂ ಇರಕೂಡದು, ಒಡೆದರೆ ಇನ್ನೂ ಅಪಶಕುನ ಎಂದ. ಸಂಘರತ್ನ ಹಾರ ತೆಗೆದು ಫೋಟೋವನ್ನು ಎರಡೂ ಕೈಯಲ್ಲಿ ವೀರಭದ್ರನಿಗೆ ಕೊಟ್ಟ.

“ನಿಮ್ದ ಅದ. ನೀವೇ ಒಯ್ರಿ ಸರ್.”

ತನ್ನೂರು ಬಸವಕಲ್ಯಾಣದ ಮೇಲೆ ಮಂಠಾಳಕ್ಕೆ ಹೋಗುವ ಬಸ್ಸು ಸಿಕ್ಕಿತು. ಹಿಂದಿನ ಸೀಟಿನಲ್ಲಿ, ಫೋಟೋ ತೊಡೆಯ ಮೇಲಿಟ್ಟುಕೊಂಡು ಕೂತ. ಇದನ್ನು ಕಂಡರೆ ಪೂನಂ ಏನೆನ್ನುತ್ತಾಳೆ? ವಿಭೂತಿ ಒಣಗಿ ಗಾಜಿಗೆ ಹತ್ತಿಕೊಂಡಿತ್ತು. ಕರವಸ್ತ್ರ ತೆಗೆದು ಉಜ್ಜಿದ.

“ಅವ್ರ ಮ್ಯಾಗ ಎಷ್ಟ್ ಜೀವ ಇತ್ತೋ ಏನೋ, ಪಾಪ,” ಎಂದಳು ಪಕ್ಕದ ಮುದುಕಿ. “ಯಾರ್ರಿ ಇವ್ರು?”

ಕರವಸ್ತ್ರ ನಿಂತಿತು. “ಅಣ್ಣ.”

“ಹೋಗಿ ಎಷ್ಟು ದಿನ ಆತು?”

“ನಾಕು ವರ್ಷ,” ಎಂದ. ಬೆಂಗಳೂರು ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. “ಸಿನಿಮಾದಾಗ ಪಾರ್ಟ್ ಮಾಡ್ತಿದ್ದ.”

ಹೇಳುತ್ತಲೇ ಅವನಿಗೆ ಹೊಳೆಯಿತು, ಬೆಳಿಗ್ಗೆಯಿಂದ ಕಾಯುತ್ತಿದ್ದ ಪಾತ್ರ ಇದೇ. ಗಂಟಲು ತಗ್ಗಿಸಿದ, ಉಸಿರು ಹಿಡಿದ, ಕಲಿತದ್ದನ್ನೆಲ್ಲ ಮಾಡಿದ. ಕಣ್ಣು ಒಣಗಿಯೇ ಇತ್ತು.

ಮುದುಕಿ ಫೋಟೋ ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು.

“ಸಿಟ್ಟಾಗಬ್ಯಾಡ ಯಪ್ಪಾ. ನಿನಕಿಂತ ಅವನ ಮಾರಿ ಮ್ಯಾಗ ಕಳಾ ಅದ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದೇ ದಿನದಲ್ಲಿ ಇಬ್ಬರು ಅತ್ತಿದ್ದರು, ಇಬ್ಬರೂ ಇವನಿಗಾಗಿ. ವೀರಭದ್ರ ಫೋಟೋದಲ್ಲಿದ್ದವನನ್ನು ದಿಟ್ಟಿಸಿದ. ಎಡಗಡೆಯಿಂದ ನಗುತ್ತಿದ್ದ ಹಲ್ಕಟ್. ಇಷ್ಟು ಸಿಟ್ಟು ಅವನಿಗೆ ಸಂಘರತ್ನನ ಮೇಲೂ ಬಂದಿರಲಿಲ್ಲ.

ಬಸವಕಲ್ಯಾಣ ಬಂತು. ಅವನು ಎದ್ದು, ಫೋಟೋವನ್ನು ಸೀಟಿನ ಮೇಲೆ ಬೋರಲಾಗಿಟ್ಟು, ಮುದುಕಿಯ ಕಡೆ ನೋಡದೆ ಇಳಿದ. ನಾಲ್ಕು ಹೆಜ್ಜೆ ಹೋಗಿರಬೇಕು, ಒಳಗೆ ಮುದುಕಿ, “ಅವನ ಅಣ್ಣನ ಫೋಟೋ!” ಎಂದು ಕೂಗಿದ್ದು ಕೇಳಿತು.

“ಓ ಸರ್!” ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. “ಅಣ್ಣಾರ್ನ ಬಿಟ್ಟು ಹೊಂಟೀರಲ್ರೀ!”

ವೀರಭದ್ರ ತಿರುಗಿದ. ತೆರೆದ ಕಿಟಕಿಗಳಲ್ಲಿ ಕಾಣುತ್ತಿತ್ತು: ಫೋಟೋ ಹಿಂದಿನ ಸೀಟಿನಿಂದ ಕೈಯಿಂದ ಕೈಗೆ ಬಾಗಿಲ ಕಡೆ ಬರುತ್ತಿತ್ತು. ತೆಗೆದುಕೊಂಡವರೆಲ್ಲ ಒಂದು ಗಳಿಗೆ ಅದನ್ನು ಹಣೆಗೆ ಒತ್ತಿಕೊಂಡು ಮುಂದಿನವರಿಗೆ ಕೊಡುತ್ತಿದ್ದರು. ಅರ್ಧ ಅಳಿಸಿದ ವಿಭೂತಿಯ ಕೆಳಗೆ ಅವನು ನಗುತ್ತ ಬರುತ್ತಿದ್ದ. ಕಂಡಕ್ಟರ್ ಫೋಟೋ ಹಿಡಿದು ಬಾಗಿದ. ವೀರಭದ್ರನ ಕೈ ಮೇಲೇಳಲಿಲ್ಲ.