ಬೆಳಗಿನ ಪೆಟ್ಟಿಗೆ

ಗಾಜಿನ ಬಾಟಲಿಗೆ ಗ್ಯಾಸ್ ಬೆರೆಸಿದ ಪಾನೀಯ ತುಂಬುವಾಗ ಒಮ್ಮೊಮ್ಮೆ ಬಾಟಲಿ ಸಿಡಿಯುತ್ತದೆ. ಆಗ ಯಂತ್ರ ನಿಲ್ಲಿಸಿ, ಅದರ ಹಿಂದಿನ ಹತ್ತು, ಮುಂದಿನ ಹತ್ತು ಬಾಟಲಿಗಳನ್ನು ಎಸೆಯಬೇಕು. ಚೂರು ಯಾವುದರೊಳಗೆ ಹಾರಿ ಬಿದ್ದಿದೆಯೋ ಕಂಡವರಾರು? ಹನ್ನೆರಡು ವರ್ಷದಿಂದ ಆ ಯಂತ್ರದ ಪಕ್ಕದಲ್ಲೇ ಕೂತು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇವತ್ತು ಬೆಳಗ್ಗೆ ಒಂದು ಸಿಡಿಯಿತು. ನಾನು ಕೆಂಪು ಗುಂಡಿ ಒತ್ತಿ ಇಪ್ಪತ್ತನ್ನೂ ಪಕ್ಕಕ್ಕಿಟ್ಟೆ. ಸೂಪರ್‌ವೈಸರ್ ಧಾವಿಸಿ ಬಂದರು. ಅವರು ನನ್ನ ಗಂಡನ ಅಣ್ಣ.

"ಅಕ್ಕಪಕ್ಕದ ಎರಡು ಬಿಸಾಕು, ಸಾಕು. ಉಳಿದದ್ದು ಬೆಲ್ಟಿಗೆ ಹಾಕು."

"ಭಾವ, ಗಾಜು ಕುಡಿಯೋರ ಹೊಟ್ಟೆಗೆ ಹೋಗುತ್ತೆ."

"ಕಡ್ಡೀನ ಗುಡ್ಡ ಮಾಡಬೇಡ. ನಿನ್ನ ಕೆಲಸ ನೋಡು."

ಹದಿನೆಂಟನ್ನೂ ಅವರೇ ಬೆಲ್ಟಿಗೆ ಹತ್ತಿಸಿದರು. ಮುಚ್ಚಳ ಬಿತ್ತು, ಪೆಟ್ಟಿಗೆ ತುಂಬಿತು. ನಾನು ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಪಾಳಿ ಮುಗಿಯುವ ಹೊತ್ತಿಗೆ ಭಾವ ಮತ್ತೆ ಬಂದರು. ಈಗ ಮಾತಿನಲ್ಲಿ ಬೆಣ್ಣೆ.

"ನಾಳೆ ಮಗಳ ಗೆಳತಿಯರು ಮನೆಗೆ ಬರ್ತಾರೆ. ಒಂದು ಪೆಟ್ಟಿಗೆ ತೆಗೆದಿಡಮ್ಮ."

ಎರಡು ಹೆಜ್ಜೆ ಹೋದವರು ತಿರುಗಿ ನಿಂತು, ದನಿ ತಗ್ಗಿಸಿದರು. "ಬೆಳಗಿನದು ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಲಾರಿ ಹತ್ತಲು ಸಾಲಿನಲ್ಲಿ ಕಾಯುತ್ತಿದ್ದ ಬೆಳಗಿನ ಪೆಟ್ಟಿಗೆಯನ್ನೇ ಎತ್ತಿ ತಂದು ಅವರ ಕಾಲ ಬಳಿ ಇಟ್ಟೆ.

"ಯಾಕೆ ಭಾವ? ಬೇರೆಯವರ ಮಕ್ಕಳ ಗಂಟಲು ಕಬ್ಬಿಣದ್ದಾ?"