ಹರಿದ ಕಿವಿಯ ಇಲಿ ತೋರಿಸಿದ ದಾರಿ

ಅನಂತಪ್ಪನ ಮನೆಯ ಇಲಿ ಇಪ್ಪತ್ತು ದಿನಗಳಲ್ಲಿ ಏಳು ಸೀರೆ ಕಡಿದಿತ್ತು. ಬನಹಟ್ಟಿಯ ಮಗ್ಗಗಳಿಂದ ತಂದ ಸೀರೆಗಳನ್ನು ಜಮಖಂಡಿಯ ಅಂಗಡಿಗೆ ಒಯ್ಯುವ ಮೊದಲು ಮನೆಯ ಅಟ್ಟದ ಮೇಲೆ ಇಡುವುದು ಅವರ ರೂಢಿ. ಬುಧವಾರ ಏಳನೆಯ ಸೀರೆ ಸಿಕ್ಕಾಗ ಮಗ ಮನೋಜ ಹೇಳಿಬಿಟ್ಟ: "ಅಪ್ಪಾ, ಸೋಮವಾರದ ತನಕಾ ನೋಡ್ತೀನಿ. ಆಮ್ಯಾಲೆ ಇಲಿ ಔಷಧ ತರಾವನ."

ಅನಂತಪ್ಪನಿಗೆ ಅರವತ್ತೊಂದು ವರ್ಷ. ಆ ಜೈನ ಮನೆಯಲ್ಲಿ ಅವನ ಅಜ್ಜನ ಕಾಲದಿಂದ ಯಾರೂ ಬೇಕೆಂದೇ ಒಂದು ಇರುವೆಯನ್ನೂ ಕೊಂದಿರಲಿಲ್ಲ. ತನ್ನ ಕಾಲದಲ್ಲಿ ಅದು ಮುರಿಯುವುದು ಅವನಿಗೆ ಬೇಡವಾಗಿತ್ತು. ಅಂದೇ ಪೇಟೆಯಿಂದ ತಂತಿಯ ಇಲಿಬೋನು ತಂದ.

ಗುರುವಾರ ಬೆಳಿಗ್ಗೆ ಇಲಿ ಬಿದ್ದಿತ್ತು. ಅದರ ಎಡಗಿವಿ ಹರಿದಿತ್ತು. ಬೋನು ಹಿಡಿದು ಊರ ಹೊರಗಿನ ಕಬ್ಬಿನ ಬದುವಿಗೆ ಹೋದರೆ, ಹೊಲದ ಧರೆಪ್ಪ ಬೈಕು ನಿಲ್ಲಿಸಿ ಕೇಳಿದ: "ಏನ್ರಿ ಸಾವಕಾರ್ರ, ನಮ್ಮ ಕಬ್ಬಿನ್ಯಾಗ ಇಲಿ ಕಡಿಮಿ ಆಗ್ಯಾವಂತ ಯಾರ ಹೇಳಿದ್ರು ನಿಮಗ?"

ಅನಂತಪ್ಪ ನಾಚಿ ಗುಡ್ಡದ ಕಡೆ ತಿರುಗಿದ. ಅಲ್ಲಿ ಕೆಡಲು ಯಾರ ಬೆಳೆಯೂ ಇರಲಿಲ್ಲ. ಬುಡದಲ್ಲೇ ಬೋನಿನ ಬಾಗಿಲು ತೆರೆದ.

ಶುಕ್ರವಾರ ಬೋನಿನಲ್ಲಿ ಅದೇ ಹರಿದ ಕಿವಿ. ಈ ಸಲ ಮೊದಲ ಏರಿನವರೆಗೆ ಹತ್ತಿದ. ಅಲ್ಲಿ ದಾರಿ ಎರಡಾಗಿ ಒಡೆದಿತ್ತು. ಯಾವುದು ಎಲ್ಲಿಗೆ ಹೋಗುತ್ತದೆಂದು ಇದೇ ಊರಲ್ಲಿ ಹುಟ್ಟಿದ ಅವನಿಗೆ ಗೊತ್ತಿರಲಿಲ್ಲ.

ಶನಿವಾರ ಮತ್ತೆ ಅದೇ ಇಲಿ. ಹೆಂಡತಿ ಬ್ರಾಹ್ಮಿ ಬಾಗಿಲಲ್ಲಿ ನಿಂತು ನಕ್ಕಳು. "ಪೇಟಿಗೆ ಹೋಗಾಕ ನಿಮಗ ರಿಕ್ಷಾ ಬೇಕು. ಈ ಇಲಿ ನೋಡ್ರಿ, ದಿನಾ ನಡಸ್ಕೊಂಡು ಹೊಂಟೈತಿ."

ಆ ದಿನ ಏರಿನ ಮೇಲೆ ಕುರಿಗಾರ ಅಮಸಿದ್ದಪ್ಪ ಕೋಲು ಊರಿ ನಿಂತಿದ್ದ. ಅನಂತಪ್ಪ ಇಲಿಯನ್ನು ಬಿಟ್ಟು, ಜೇಬಿನಿಂದ ತುಪ್ಪ ಸವರಿದ ಅರ್ಧ ಶೇಂಗಾ ಹೋಳಿಗೆ ತೆಗೆದು ಅದರ ಮುಂದಿಟ್ಟ.

"ಇದೇನ್ರಿ?"

"ಗುರುತಿಲ್ಲದ ಜಾಗಾ, ಉಪವಾಸ ಬೀಳಬಾರದಲ್ಲಾ. ಮೂರೂ ದಿನಾ ಕೊಟ್ಟೇನಿ. ಬೋನಿನ್ಯಾಗೂ ಇದನ್ನ ಇಡ್ತೀನಿ."

"ಸಾವಕಾರ್ರ, ನೀವು ಅದನ್ನ ಬಿಡಾಕ ಬಂದೀರೋ, ನಾಳೆ ಊಟಕ್ಕ ಬಾ ಅಂತ ಹೇಳಾಕ ಬಂದೀರೋ?"

ಅನಂತಪ್ಪನ ಮುಖ ಸಣ್ಣದಾಯಿತು. "ಹಂಗಂತ ಹಸಿವಿಲೆ ಹೆಂಗ ಬಿಡ್ಲಿ?"

"ನಾಳೆ ಬರ್ರಿ, ತೋರಸ್ತೇನಿ. ಏನೂ ತರಬ್ಯಾಡ್ರಿ."

ಭಾನುವಾರ ಇಬ್ಬರೂ, ನಡುವೆ ಬೋನು, ಬಲಗಡೆಯ ಕುರಿದಾರಿ ಹಿಡಿದರು. ಒಂದು ಕಾಲಿಡುವಷ್ಟೇ ಅಗಲದ ದಾರಿ ಹಳ್ಳಕ್ಕೆ ಇಳಿದು, ಆಚೆ ದಂಡೆಗೆ ಏರಿತು. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೋರೆ ಗಿಡಗಳಿದ್ದವು. ಹಣ್ಣು ಉದುರಿ ನೆಲ ಕೆಂಪಾಗಿತ್ತು. ಬಂಡೆಯ ತಗ್ಗಿನಲ್ಲಿ ನೀರು.

"ನೋಡ್ರಿ, ಅದರ ಅಡಗಿಮನಿ," ಎಂದ ಅಮಸಿದ್ದಪ್ಪ.

ಅನಂತಪ್ಪ ಬಾಗಿಲು ತೆರೆದ. ಇಲಿ ಬೋರೆ ಗಿಡದ ಬುಡಕ್ಕೆ ಓಡಿತು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಅಮಸಿದ್ದಪ್ಪ ಅಂಗೈ ಚಾಚಿ ಹೋಳಿಗೆ ಇಸಿದುಕೊಂಡು, ತಾನೇ ತಿಂದ.

"ಛಲೋ ಐತ್ರಿ," ಎಂದ ಬಾಯಿ ಒರೆಸಿಕೊಳ್ಳುತ್ತ. "ಇಲಿದು ತಪ್ಪೇನಿಲ್ಲ."

ಸೋಮವಾರ ಬೋನಿನಲ್ಲಿಟ್ಟ ಹೋಳಿಗೆ ಹಾಗೇ ಇತ್ತು. ಮನೋಜ ಅಟ್ಟ ಹತ್ತಿ ಗಂಟುಗಳನ್ನೆಲ್ಲ ಬಿಚ್ಚಿ ನೋಡಿದ. ಹೊಸದಾಗಿ ಕಡಿದದ್ದು ಒಂದೂ ಇರಲಿಲ್ಲ. ಮಂಗಳವಾರವೂ ಹಾಗೆಯೇ. ಔಷಧದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಬುಧವಾರ ಬೆಳಿಗ್ಗೆ ಆರೂವರೆಗೆ ಅನಂತಪ್ಪ ಬೂಟು ಹಾಕುತ್ತಿದ್ದ.

"ಬೋನು ಖಾಲಿ ಐತಿ. ಎಲ್ಲಿ ಹೊಂಟ್ರಿ?" ಎಂದ ಮನೋಜ.

"ಅಲ್ಲಿ ಹೊಟ್ಟಿತುಂಬ ತಿಂದೈತೋ ಇಲ್ಲೋ, ನೋಡಿ ಬರ್ತೀನಿ."

"ಎಷ್ಟು ದೂರ?"

"ಎರಡೂವರಿ ಕಿಲೋಮೀಟರ್. ಏರಿನ ಮ್ಯಾಲೆ ಬಲಗಡಿ ಹೊಳ್ಳಬೇಕು. ಎಡಗಡಿ ಹೋದ್ರ ಕಲ್ಲಿನ ಖಣಿ. ನಿನ್ನೆ ಹೋಗಿ ನೋಡೇನಿ."

ಒಳಗಿನಿಂದ ಬ್ರಾಹ್ಮಿ ಒಂದು ಡಬ್ಬಿ ತಂದು ಗಂಡನ ಕೈಗಿಟ್ಟಳು. "ಹೋಳಿಗಿ ಅದಾವ. ಅಮಸಿದ್ದಪ್ಪಗ ಕೊಡ್ರಿ. ಇಲಿಗಲ್ಲ, ಮತ್ತ."

ಮನೋಜ ಗಡಿಯಾರ ನೋಡಿದ. ಅಂಗಡಿ ತೆರೆಯಲು ಇನ್ನೂ ಮೂರು ತಾಸು ಇತ್ತು. ಅವನೂ ಬೂಟು ಹುಡುಕತೊಡಗಿದ.