ಪುರುಸೊತ್ತಿಲ್ಲದವರ ಸಭೆ

ಶಾಲೆಯ ಕಾವಲುಗಾರ ಅವಳಿಗೆ ಪಾಂಪ್ಲೆಟ್ ಮೇಡಂ ಎಂದು ಹೆಸರಿಟ್ಟಿದ್ದ. ಅವಳಿಗೆ ಬೇಜಾರೇನೂ ಇರಲಿಲ್ಲ. ಆ ಖಾಸಗಿ ಶಾಲೆಯ ಪ್ರಚಾರದ ಕೆಲಸವೆಲ್ಲ ಅವಳದೇ. ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವಳು. ಅದಕ್ಕೋ ಏನೋ, ಒಂದು ಸಾಲು ಅಚ್ಚಿಗೆ ಕಳಿಸುವುದಕ್ಕೂ ಹತ್ತಾರು ಸಲ ಓದುತ್ತಿದ್ದಳು. ಕಳಿಸಿದ ಮೇಲೂ ಎಲ್ಲೋ ಎಡವಟ್ಟಾಗಿದೆ ಎಂಬ ಪುಕಪುಕ ತಪ್ಪುತ್ತಿರಲಿಲ್ಲ.

ಈ ಸಲ ಪುಕಪುಕಕ್ಕೆ ಕಾರಣವೂ ಇತ್ತು. ಶಾಲೆ ಬಿಟ್ಟ ಮೇಲೆ ಗೇಟಿನ ಬಳಿಯ ಬೆಂಚಿನ ಮೇಲೆ ಒಂದಷ್ಟು ಮಕ್ಕಳು ಬ್ಯಾಗು ತಬ್ಬಿಕೊಂಡು ಕೂತಿರುತ್ತಿದ್ದವು. ಅಪ್ಪ ಅಮ್ಮ ಕೆಲಸ ಮುಗಿಸಿ ಬರುವ ತನಕ ಕಾವಲುಗಾರನೇ ಅವಕ್ಕೆ ದಿಕ್ಕು. ಅವಳ ತಂಗಿ ಆಸ್ಪತ್ರೆಯಲ್ಲಿ ನರ್ಸು. ತಂಗಿಯ ಮಗಳೂ ಅದೇ ಬೆಂಚಿನವಳು. ದೊಡ್ಡಮ್ಮನ ಮೇಜಿನ ಪಕ್ಕ ಬಂದು ಕೂರು ಎಂದರೂ ಗೆಳತಿಯರನ್ನು ಬಿಟ್ಟು ಬರುತ್ತಿರಲಿಲ್ಲ. ದಿನಾ ನೋಡಿ ನೋಡಿ ಅವಳು ಧೈರ್ಯ ಮಾಡಿ ಹೆಡ್‌ಮೇಡಂ ಮುಂದೆ ಹೋಗಿ ನಿಂತಿದ್ದಳು. ಮೂಲೆಯ ಖಾಲಿ ಕೋಣೆಯನ್ನು ಸಂಜೆ ತೆರೆದಿಡೋಣ, ಒಬ್ಬರು ಟೀಚರ್ ಇರಲಿ, ತಿಂಡಿ, ಹೋಂವರ್ಕು, ಚಿತ್ರ ಬರೆಯುವುದು ಎಲ್ಲ ಅಲ್ಲೇ ಆಗಲಿ ಎಂದು ಕೇಳಿದ್ದಳು.

"ಒಳ್ಳೇದೇ. ಆದ್ರೆ ರೋಬೋಟ್ ಲ್ಯಾಬಿಗೆ ಆ ಕೋಣೇನೇ ಬೇಕು ಅಂತ ಕಂಪ್ಯೂಟರ್ ಮೇಷ್ಟ್ರು ನನ್ನ ಪ್ರಾಣ ತಿಂತಿದಾರೆ," ಎಂದಿದ್ದರು ಹೆಡ್‌ಮೇಡಂ. "ನೀನೊಂದು ಪೋಷಕರ ಸಭೆ ಕರಿ. ಜನ ಬಂದ್ರೆ ಕೋಣೆ ನಿಂದು. ಬರದಿದ್ರೆ ಅವ್ರದು."

ಅವಳು ಊಟ ನಿದ್ದೆ ಬಿಟ್ಟು ನುಣುಪು ಕಾಗದದ ಕರಪತ್ರ ಮಾಡಿಸಿದಳು. 'ಸಮಗ್ರ ಸಾಯಂಕಾಲ ವಿಕಸನ ಕಾರ್ಯಕ್ರಮ' ಎಂದು ದಪ್ಪಕ್ಷರದ ತಲೆಬರಹ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಕುರ್ಚಿಗಳ ಸಾಲು ಒಂದಿಷ್ಟೂ ಸೊಟ್ಟಗಾಗದಂತೆ ಅವಳೇ ಜೋಡಿಸಿದಳು.

ಹನ್ನೊಂದಾಯಿತು, ಹನ್ನೊಂದೂವರೆಯೂ ಆಯಿತು. ಬಂದವರು ಒಬ್ಬರೇ, ನಿವೃತ್ತಿಯಾಗಿದ್ದ ಒಬ್ಬ ತಾತ. ಫ್ಯಾನಿನ ಕೆಳಗೆ ಆರಾಮವಾಗಿ ಕೂತು, "ಕಾಫಿ ಮೊದಲು ಕೊಡ್ತೀರೋ, ಭಾಷಣ ಆದ್ಮೇಲೋ?" ಎಂದು ಕೇಳಿದರು. ಹೊರಗೆ ಕಂಪ್ಯೂಟರ್ ಮೇಷ್ಟ್ರು ಟೇಪು ಹಿಡಿದು ಮೂಲೆಯ ಕೋಣೆಯ ಬಾಗಿಲನ್ನು ಅಳೆಯುತ್ತಿದ್ದರು. ಅವಳು ತಾತನಿಗೆ ಕಾಫಿ ತರಿಸಿದಳು.

ಮಧ್ಯಾಹ್ನ ತಂಗಿಗೆ ಫೋನು ಮಾಡಿ ರೇಗಿದಳು. "ಬಂದಿದ್ದು ಒಬ್ಬ ತಾತ ಅಷ್ಟೇ. ಊರೋರು ಹಾಳಾಗ್ಲಿ, ನೀನಾದ್ರೂ ಬರಬಾರ್ದಿತ್ತೇನೇ?"

"ಡ್ಯೂಟಿ ಬಿಟ್ಟು ಹೆಂಗ್ ಬರ್ಲಿ ಅಕ್ಕ?" ತಂಗಿ ನಕ್ಕಳು. "ಪುರುಸೊತ್ತಿಲ್ಲದೋರಿಗೆ ಅಂತ ಕೋಣೆ ಮಾಡ್ತೀಯ, ಪುರುಸೊತ್ತಿರೋರು ಬರೋ ಹೊತ್ತಿಗೆ ಸಭೆ ಇಡ್ತೀಯ. ಬಂದ ತಾತ ಪುಣ್ಯಾತ್ಮ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಷ್ಟು ಸಲ ತಿದ್ದಿದ್ದಳು, ಅಕ್ಷರದ ಬಣ್ಣವನ್ನೂ ಬದಲಾಯಿಸಿದ್ದಳು. ಹನ್ನೊಂದು ಗಂಟೆ ಮಾತ್ರ ಕಣ್ಣಿಗೇ ಬಿದ್ದಿರಲಿಲ್ಲ. ಶಾಲೆಯ ಸಭೆಗಳೆಲ್ಲ ಮೊದಲಿಂದಲೂ ನಡೆಯುತ್ತಿದ್ದದ್ದು ಆ ಹೊತ್ತಿಗೇ. ಒಳ್ಳೆಯ ನೆಪವೇ ಸಿಕ್ಕಿತ್ತು, ಆದರೂ ಹೆಡ್‌ಮೇಡಂ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ.

"ತಪ್ಪು ನಂದೇ ಮೇಡಂ. ಇನ್ನೊಂದು ಅವಕಾಶ ಕೊಡಿ. ಈ ಸಲ ಸಭೆ ಬೇಡ, ಒಂದು ಸಂಜೆ ಕೋಣೇನೇ ನಡೆಸಿ ತೋರಿಸ್ತೀನಿ."

ಅವಳು ಬರೆದು ತಂದಿದ್ದ ಹೊಸ ಚೀಟಿಯನ್ನು ಹೆಡ್‌ಮೇಡಂ ಓದಿ ಹುಬ್ಬೇರಿಸಿದರು. ಅದರಲ್ಲಿ ಇದ್ದದ್ದು ಇಷ್ಟೇ: 'ಶುಕ್ರವಾರ ಸಂಜೆ ನಿಮ್ಮ ಮಕ್ಕಳು ಬೆಂಚಿನ ಮೇಲಿರಲ್ಲ, ಮೂಲೆ ಕೋಣೇಲಿರ್ತಾರೆ. ಕೆಲಸ ಮುಗಿಸ್ಕೊಂಡೇ ಬನ್ನಿ. ನೀವು ಬರೋವರೆಗೂ ನಾವಿರ್ತೀವಿ.'

"ಇದೇನಮ್ಮ, ಮಾತಾಡಿದ ಹಾಗೇ ಬರ್ದಿದೀಯ?"

"ಅವ್ರು ಗೇಟಲ್ಲಿ ನಿಂತು ಓದೋದು ಮೇಡಂ. ಗಾಡಿ ಆಫ್ ಮಾಡೋಕೂ ಟೈಮಿರಲ್ಲ."

ಅವತ್ತು ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಒಬ್ಬೊಬ್ಬರ ಕೈಗೂ ಕಾವಲುಗಾರ ಚೀಟಿಯಿಟ್ಟ.

ಶುಕ್ರವಾರ ಹೊತ್ತು ಇಳಿಯುತ್ತಿದ್ದಂತೆ ಅವಳು ಕೋಣೆಗೂ ಗೇಟಿಗೂ ಓಡಾಡತೊಡಗಿದಳು. ಮೊದಲು ಬಂದವನು ಬಸ್ ಕಂಡಕ್ಟರ್, ಹೆಗಲಲ್ಲಿ ಚೀಲ ಹಾಗೇ ಇತ್ತು. ಹಿಂದೆಯೇ ಬೇಕರಿಯ ಹೆಂಗಸು, ಮೊಣಕೈವರೆಗೂ ಹಿಟ್ಟು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಆದರೆ ಮಕ್ಕಳು ಏಳಲೇ ಇಲ್ಲ. ಕಂಡಕ್ಟರನ ಮಗ ತಲೆಯನ್ನೂ ಎತ್ತದೆ, "ಇರಪ್ಪ, ಆನೆಗಿನ್ನೂ ಬಾಲ ಬರ್ದಿಲ್ಲ," ಎಂದ. ದಿನಾ ಮಗನನ್ನು ಕಾಯಿಸುತ್ತಿದ್ದ ಅಪ್ಪ ಇವತ್ತು ಮಗನಿಗಾಗಿ ಕಾಯಬೇಕಾಯಿತು. ಪುಟ್ಟ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತು, "ಬರಿ ಬರಿ, ನಂಗೇನು ಅವಸರ ಇಲ್ಲ," ಎಂದ. ಆ ಮಾತು ಅವನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ.

ಪುಟ್ಟ ಕುರ್ಚಿಗಳು ಭರ್ತಿಯಾದವು. ಗೋಡೆಗೊರಗಿಯೂ ಜನ ನಿಂತರು. ಬಾಯಿಪಾಠ ಮಾಡಿದ್ದ ಭಾಷಣ ಅವಳಿಗೆ ಬೇಕಾಗಲೇ ಇಲ್ಲ.

"ಸೋಮವಾರದಿಂದ ದಿನಾ ಇರುತ್ತೇನಮ್ಮ?" ಬೇಕರಿಯಾಕೆ ಕೇಳಿದಳು.

ಅವಳು ಬಾಗಿಲಲ್ಲಿ ನಿಂತಿದ್ದ ಹೆಡ್‌ಮೇಡಂ ಮುಖ ನೋಡಿದಳು. ಅವರು ಕೋಣೆಯ ಬೀಗದ ಕೈ ತೆಗೆದು ಎಲ್ಲರೆದುರಿಗೇ ಅವಳ ಅಂಗೈಯಲ್ಲಿಟ್ಟರು. "ಇವಳನ್ನೇ ಕೇಳಿ. ಇನ್ಮೇಲೆ ಕೋಣೆ ಇವಳದು."

ಅವರ ಹಿಂದೆಯೇ ನಿಂತಿದ್ದ ಕಂಪ್ಯೂಟರ್ ಮೇಷ್ಟ್ರು ಟೇಪು ಸುತ್ತಿ ಜೇಬಿಗಿಳಿಸಿ ಅವಳತ್ತ ತಿರುಗಿದರು. "ನನ್ನ ರೋಬೋಟೂ ಒಂದು ಮೂಲೇಲಿ ಹೋಂವರ್ಕ್ ಮಾಡ್ಕೊಂಡಿರುತ್ತೆ ಮೇಡಂ, ಸೇರಿಸ್ಕೊಳ್ಳಿ."

ಯೂನಿಫಾರಂನಲ್ಲೇ ಓಡಿ ಬಂದಿದ್ದ ತಂಗಿ ಪಕ್ಕದವರಿಗೆ ಪಿಸುಗುಟ್ಟುವ ನೆಪದಲ್ಲಿ ಕೋಣೆಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು: "ನಮ್ಮಕ್ಕ ಇವ್ಳು. ಸ್ವಂತ ಅಕ್ಕ. ಎಲ್ಲ ಇವಳ ತಲೇನೇ."

ಎಲ್ಲರೂ ಹೋದ ಮೇಲೆ ಅವಳು ಬೀಗ ಹಾಕಿ ಗೇಟಿಗೆ ಬಂದಳು. ಬೆಂಚಿನ ಮೇಲೆ ಕಾವಲುಗಾರನೊಬ್ಬನೇ ಕಾಲು ಚಾಚಿ ಕೂತಿದ್ದ.

"ಏನ್ ಪಾಂಪ್ಲೆಟ್ ಮೇಡಂ, ನನ್ನ ಬೆಂಚೆಲ್ಲ ಖಾಲಿ ಮಾಡಿಸ್ಬಿಟ್ರಿ."

"ಹೂಂ, ಮಾಡಿಸ್ದೆ," ಎಂದಳು. ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಹೋಗಿ ನೋಡುವವಳಿದ್ದಳು, ಹೋಗಲಿಲ್ಲ. ಬೀಗದ ಕೈಯನ್ನು ಬ್ಯಾಗಿಗೂ ಹಾಕದೆ, ಕೈಯಲ್ಲೇ ಹಿಡಿದುಕೊಂಡು ಮನೆಗೆ ಹೊರಟಳು.